‘ಹಾಲು ಸಾಲ್ತಿಲ್ಲ’ ಅನ್ನುವ ಮೊದಲು: ಆರು ತಿಂಗಳ ಲೆಕ್ಕ ಮತ್ತು ಅದರ ರಾಜಕೀಯ

ಮಗಳು ಹುಟ್ಟಿದ ನಾಲ್ಕನೇ ರಾತ್ರಿ ಎರಡು ಗಂಟೆಗೆ ನಾನು ಹಾಸನದ ಒಂದು ಮೆಡಿಕಲ್ ಶಾಪ್ ಮುಂದೆ ನಿಂತಿದ್ದೆ. ಕೈಯಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಅದರ ಕೊನೆಯ ಸಾಲಿನಲ್ಲಿ, ನಾವು ಯಾರೂ ಕೇಳದಿದ್ದರೂ, ಒಂದು ಪುಡಿಹಾಲಿನ ಬ್ರ್ಯಾಂಡ್ ಹೆಸರು ಬರೆದಿತ್ತು. ಮನೆಯಲ್ಲಿ ಮಗು ಸಂಜೆಯಿಂದ ಅಳುತ್ತಿತ್ತು. ಅತ್ತೆ, ಪಕ್ಕದ ಮನೆಯವರು, ಫೋನಿನಲ್ಲಿ ನಮ್ಮಮ್ಮ, ಎಲ್ಲರೂ ಹೇಳಿದ್ದು ಒಂದೇ ಮಾತು: ‘ಹಾಲು ಸಾಲ್ತಿಲ್ಲ.’ ನನ್ನ ಹೆಂಡತಿ ಏನೂ ಮಾತಾಡದೆ ಗೋಡೆ ಕಡೆ ತಿರುಗಿ ಕೂತಿದ್ದಳು. ಆ ಡಬ್ಬ ತಂದರೆ ಎಲ್ಲರಿಗೂ ಸಮಾಧಾನ ಆಗುತ್ತೆ ಅಂತ ನನಗೆ ಅನಿಸಿತ್ತು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಫೀಡ್‌ಬ್ಯಾಕ್ ಲೂಪ್ ಅಂದ್ರೆ ಏನು ಅಂತ ನಾಲ್ಕು ವರ್ಷ ಓದಿ ಪರೀಕ್ಷೆ ಬರೆದವನು. ಆದರೂ ಆ ರಾತ್ರಿ ನನ್ನ ಕಣ್ಣೆದುರೇ ಇದ್ದ ಲೂಪ್ ನನಗೆ ಕಾಣಲಿಲ್ಲ. ಈಗ ಮಗಳಿಗೆ ಎಂಟು ತಿಂಗಳು. ಹೊಸದಾಗಿ ಅಪ್ಪ-ಅಮ್ಮ ಆದ, ಆಗಲಿರುವ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೀತಿದ್ದೀನಿ. ಅರ್ಧ ಉತ್ತರ ಮನೆಯೊಳಗೆ ಸಿಗುತ್ತೆ. ಇನ್ನರ್ಧ ಕಾನೂನು ಪುಸ್ತಕದಲ್ಲಿ ಮತ್ತು ಬಜೆಟ್ಟಿನಲ್ಲಿದೆ.

ಹಾಲು ಬರೋದು ಹೇಗೆ?

ಎದೆಹಾಲನ್ನು ನಾವು ಟ್ಯಾಂಕಿನಲ್ಲಿ ತುಂಬಿಟ್ಟ ನೀರಿನ ಥರ ಯೋಚಿಸ್ತೀವಿ. ಖಾಲಿ ಆಯ್ತು, ಇನ್ನು ತುಂಬೋವರೆಗೆ ಕಾಯಬೇಕು ಅಂತ. ಅದು ತಪ್ಪು. ಮಗು ಚೀಪಿದಾಗ ತಾಯಿಯ ಮೆದುಳಿಗೆ ಸಂಕೇತ ಹೋಗುತ್ತೆ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಹಾಲು ತಯಾರಿಸುತ್ತೆ, ಆಕ್ಸಿಟೋಸಿನ್ ಅದನ್ನು ಹೊರಗೆ ಹರಿಸುತ್ತೆ. ಎದೆಯಿಂದ ಎಷ್ಟು ಹಾಲು ಹೊರಹೋಗುತ್ತೋ ಅದಕ್ಕೆ ತಕ್ಕಂತೆ ಮುಂದಿನ ತಯಾರಿ ನಡೆಯುತ್ತೆ. ಹಾಲು ಒಳಗೇ ಉಳಿದರೆ, ‘ಇಷ್ಟು ಬೇಡ’ ಅಂತ ದೇಹಕ್ಕೆ ಅರ್ಥವಾಗಿ ತಯಾರಿ ಕಡಿಮೆಯಾಗುತ್ತೆ.

ಈಗ ಡಬ್ಬದ ಹಾಲು ಏನು ಮಾಡುತ್ತೆ ನೋಡಿ. ಒಂದು ಹೊತ್ತು ಪುಡಿಹಾಲು ಕೊಟ್ಟರೆ ಮಗು ಹೊಟ್ಟೆ ತುಂಬಿ ಮಲಗುತ್ತೆ, ಆ ಹೊತ್ತು ಎದೆ ಚೀಪಲ್ಲ. ಚೀಪದಿದ್ದರೆ ಸಂಕೇತ ಇಲ್ಲ, ಸಂಕೇತ ಇಲ್ಲದಿದ್ದರೆ ಮಾರನೇ ದಿನ ಹಾಲು ಇನ್ನೂ ಕಡಿಮೆ. ಆಗ ಎರಡು ಹೊತ್ತು ಡಬ್ಬ ಬೇಕಾಗುತ್ತೆ. ‘ಹಾಲು ಸಾಲ್ತಿಲ್ಲ’ ಅನ್ನುವ ಭಯ ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದು ಹೀಗೆ.

ಮೊದಲ ಎರಡು-ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಪ್ರಮಾಣದಲ್ಲಿ ಕಡಿಮೆಯೇ ಇರುತ್ತೆ. ಅದರಲ್ಲಿ ರೋಗನಿರೋಧಕ ಅಂಶಗಳು ತುಂಬಿರುತ್ತವೆ, ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಎಷ್ಟೋ ಮನೆಗಳಲ್ಲಿ ಈಗಲೂ ಅದನ್ನು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಹಚ್ಚುತ್ತಾರೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಮಗುವಿನ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ತರಬಹುದು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳುವುದು ಸರಳ: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು, ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು. ಆರು ತಿಂಗಳು ನೀರೂ ಬೇಡ, ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ಹೆಚ್ಚು ಕಮ್ಮಿ ಶೇ. 87ರಷ್ಟು ನೀರೇ ಇದೆ.

ಸಾಲ್ತಿದೆಯಾ ಅಂತ ಗೊತ್ತಾಗೋದು ಹೇಗೆ?

ನಮಗೆ ಇದನ್ನು ಹೇಳಿಕೊಟ್ಟಿದ್ದು ಏಳನೇ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ. ನಾನು ಹಾಲು ಕುಡಿದ ಸಮಯ, ಎಷ್ಟು ನಿಮಿಷ, ಯಾವ ಕಡೆ ಅಂತ ಬರೆದಿಟ್ಟಿದ್ದ ಎಕ್ಸೆಲ್ ಶೀಟ್ ತೋರಿಸೋಕೆ ಹೋದೆ. ಅವರು ಅದನ್ನು ನೋಡಲೇ ಇಲ್ಲ.

‘ಅದಿರ್ಲಿ ಸಾರ್, ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ?’

ನನ್ನ ಶೀಟಿನಲ್ಲಿ ಆ ಕಾಲಂ ಇರಲಿಲ್ಲ. ಬಟ್ಟೆ ಬದಲಾಯಿಸುತ್ತಿದ್ದ ಅತ್ತೆ ‘ಏಳೆಂಟು ಸಲ’ ಅಂದರು. ‘ಮತ್ತೆ ಹಾಲು ಸಾಲ್ದೆ ಉಚ್ಚೆ ಎಲ್ಲಿಂದ ಬರುತ್ತಮ್ಮ?’ ಅಂತ ಆಕೆ ನಕ್ಕರು. ಆಮೇಲೆ ಹೆಂಡತಿಯ ಪಕ್ಕ ಕೂತು, ಮೊಲೆತೊಟ್ಟು ಮಾತ್ರವಲ್ಲ, ಸುತ್ತಲ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗುವಂತೆ ಹಿಡಿಯೋದು ಹೇಗೆ ಅಂತ ತೋರಿಸಿದರು. ಹತ್ತು ನಿಮಿಷದ ಕೆಲಸ. ವಾರದಿಂದ ಬಿರುಕು ಬಿಟ್ಟು ಉರಿಯುತ್ತಿದ್ದ ನೋವಿಗೆ ಕಾರಣ ಹಿಡಿದುಕೊಳ್ಳುವ ರೀತಿಯಾಗಿತ್ತು. ಡಬ್ಬದ ಹಾಲನ್ನು ನಾವು ನಾಲ್ಕೈದು ದಿನದಲ್ಲಿ ಕಡಿಮೆ ಮಾಡುತ್ತಾ ನಿಲ್ಲಿಸಿದೆವು.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು: 3, 7, 14, 21, 28 ಮತ್ತು 42ನೇ ದಿನ. ಖಾಸಗಿ ಆಸ್ಪತ್ರೆಗೆ ಹೋದ ನಮ್ಮಂಥವರಿಗೆ ಇದು ಗೊತ್ತೇ ಇರಲ್ಲ. ನೆನಪಿಡಬೇಕಾದ್ದು ಇಷ್ಟು:

• ಐದಾರು ದಿನದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಹೋದರೆ ಹಾಲು ಸಾಮಾನ್ಯವಾಗಿ ಸಾಲುತ್ತಿದೆ ಅಂತ ಅರ್ಥ.

• ಹುಟ್ಟಿದಾಗಿನ ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತೆ, ಶೇ. 7ರವರೆಗೆ ಸಾಮಾನ್ಯ. ಶೇ. 10 ದಾಟಿದರೆ ವೈದ್ಯರಿಗೆ ತೋರಿಸಿ. ಎರಡು ವಾರದೊಳಗೆ ಹುಟ್ಟಿದ ತೂಕ ವಾಪಸ್ ಬರಬೇಕು.

• ನವಜಾತ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುತ್ತೆ. ಸಂಜೆ ಹೊತ್ತು ಬಿಟ್ಟೂಬಿಡದೆ ಕುಡಿಯೋದು, ಅಳೋದು ಬಹಳ ಮಕ್ಕಳಲ್ಲಿ ಇದೆ. ಅಳು ಅಂದ್ರೆ ಹಸಿವು ಮಾತ್ರ ಅಲ್ಲ.

• ಮಗು ಕುಡಿಯೋದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೈ ತಣ್ಣಗಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಅಂಗೈ-ಅಂಗಾಲು ಹಳದಿಯಾದರೆ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಪುಡಿಹಾಲು ಕೊಟ್ಟವರು ತಪ್ಪಿತಸ್ಥರಲ್ಲ

ಇದನ್ನು ಗಟ್ಟಿಯಾಗಿ ಹೇಳಬೇಕು. ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಕಡಿಮೆ ಬರುತ್ತೆ. ಕೆಲವರು ಔಷಧಿಯ ಕಾರಣಕ್ಕೆ ಕುಡಿಸುವಂತಿಲ್ಲ, ಕೆಲವರು ತಾಯಿ ಇಲ್ಲದ ಮಗುವನ್ನು ಸಾಕುತ್ತಾರೆ, ಕೆಲವರು ಮನಸ್ಸು-ಮೈ ಸೋತಿರುತ್ತಾರೆ. ವೈದ್ಯರ ಸಲಹೆಯ ಮೇಲೆ ಪುಡಿಹಾಲು ಕೊಡೋದು ಮಗುವನ್ನು ಉಳಿಸುವ ಕೆಲಸ, ಅದರಲ್ಲಿ ನಾಚಿಕೆ ಏನಿಲ್ಲ. ಕೊಡುವುದಾದರೆ ಸರಿಯಾಗಿ ಕೊಡಬೇಕು. ಡಬ್ಬದೊಳಗಿನ ಪುಡಿ ಕ್ರಿಮಿಮುಕ್ತ ಅಲ್ಲ. ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ತಣಿಸಿ ಕುಡಿಸಬೇಕು. ಅಳತೆ ಚಮಚ ಡಬ್ಬದ ಮೇಲೆ ಹೇಳಿದಷ್ಟೇ ಇರಲಿ. ದುಡ್ಡು ಉಳಿಸೋಕೆ ನೀರು ಜಾಸ್ತಿ ಮಾಡಿದರೆ ಮಗುವಿಗೆ ಪೋಷಣೆ ಸಿಗಲ್ಲ.

ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆ ಒಳ್ಳೆಯದು. ಬಾಟಲಿಯ ನಿಪ್ಪಲ್ಲಿನ ಸಂದಿ ತೊಳೆಯೋದು ಕಷ್ಟ, ಒಳಲೆಯನ್ನು ಸೋಪು ಹಾಕಿ ತೊಳೆದು ಕುದಿಸಿದರೆ ಆಯ್ತು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ದಾದಿಯರು ಇವತ್ತಿಗೂ ಒಳಲೆಯಲ್ಲೇ ಕುಡಿಸುವುದನ್ನು ನೋಡಬಹುದು.

ಆದರೆ ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಆ ಬ್ರ್ಯಾಂಡ್ ಹೆಸರು ಹೇಗೆ ಬಂತು ಅನ್ನೋದು ಬೇರೆ ಪ್ರಶ್ನೆ. 1981ರಲ್ಲಿ ವಿಶ್ವ ಆರೋಗ್ಯ ಸಮಾವೇಶ ಎದೆಹಾಲಿನ ಬದಲಿ ಉತ್ಪನ್ನಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆ ತಂದಿತು. 118 ದೇಶಗಳು ಪರ, ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿ, 2003ರ ತಿದ್ದುಪಡಿಯಲ್ಲಿ ಇನ್ನಷ್ಟು ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಪುಡಿಹಾಲು, ಡಬ್ಬದ ಆಹಾರ, ಬಾಟಲಿ ಯಾವುದನ್ನೂ ಜಾಹೀರಾತು ಮಾಡುವಂತಿಲ್ಲ. ಉಚಿತ ಸ್ಯಾಂಪಲ್ ಕೊಡುವಂತಿಲ್ಲ. ಪುಡಿಹಾಲಿನ ಡಬ್ಬದ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಮಾರಾಟ ಹೆಚ್ಚಿಸಲು ವೈದ್ಯಕೀಯ ಸಿಬ್ಬಂದಿಗೆ ಉಡುಗೊರೆ, ಕಮಿಷನ್ ಕೊಡುವಂತಿಲ್ಲ. ಟಿವಿಯಲ್ಲಿ ಪುಡಿಹಾಲಿನ ಜಾಹೀರಾತು ಕಾಣದಿರುವುದಕ್ಕೆ ಈ ಕಾನೂನೇ ಕಾರಣ.

ವೈದ್ಯರು ಅಗತ್ಯ ನೋಡಿ ಬರೆದುಕೊಟ್ಟರೆ ಅದು ಚಿಕಿತ್ಸೆ. ಮಗುವಿನ ತೂಕ ನೋಡದೆ, ತಾಯಿಯನ್ನು ಕೇಳದೆ ಎಲ್ಲರ ಚೀಟಿಯಲ್ಲೂ ಅದೇ ಸಾಲು ಇದ್ದರೆ ಅದು ಮಾರಾಟ. ಹಾಗೆ ಕಂಡರೆ ‘ಇದು ಯಾಕೆ ಬೇಕು?’ ಅಂತ ಕೇಳುವ ಹಕ್ಕು ನಿಮಗಿದೆ. ನಾನು ಕೇಳಲಿಲ್ಲ.

ಆರು ತಿಂಗಳ ನಂತರ: ಡಬ್ಬವೋ, ರಾಗಿ ಸರಿಯೋ?

ಹುಟ್ಟುವಾಗ ಮಗು ತಂದ ಕಬ್ಬಿಣಾಂಶದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತೆ. ಆಗ ಎದೆಹಾಲು ಬೇಕು, ಅದರ ಜೊತೆಗೆ ಊಟವೂ ಬೇಕು. 6ರಿಂದ 8 ತಿಂಗಳಲ್ಲಿ ದಿನಕ್ಕೆ 2-3 ಸಲ, 9 ತಿಂಗಳ ನಂತರ 3-4 ಸಲ, ನಡುವೆ ಒಂದೆರಡು ಸಲ ಹಣ್ಣು ಅಥವಾ ತಿಂಡಿ.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಮಗುವಿನ ಹೊಟ್ಟೆ ಹಿಡಿಸೋದು ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಎಂಟು ಕೆ.ಜಿ. ಮಗುವಿಗೆ ಸುಮಾರು 240 ಮಿ.ಲೀ., ಅಂದ್ರೆ ಒಂದು ದೊಡ್ಡ ಲೋಟ. ನೀರು ನೀರಾದ ಗಂಜಿ, ಬೇಳೆ ಕಟ್ಟು ಕೊಟ್ಟರೆ ಹೊಟ್ಟೆ ತುಂಬುತ್ತೆ, ಶಕ್ತಿ ಸಿಗಲ್ಲ. ಚಮಚ ಓರೆ ಮಾಡಿದರೆ ತಟ್ಟನೆ ಸುರಿಯದಷ್ಟು ಗಟ್ಟಿ ಇರಬೇಕು. ಆದರೆ ಹಿಟ್ಟು ಜಾಸ್ತಿ ಹಾಕಿದರೆ ಅಂಟಂಟಾಗಿ ಮಗು ನುಂಗಲ್ಲ. ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇತ್ತು: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಪುಡಿ ಮಾಡಿದ ಸರಿ ಹಿಟ್ಟು. ಮೊಳಕೆ ಬಂದಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಾಗಲ್ಲ, ಅದೇ ಲೋಟದಲ್ಲಿ ಹೆಚ್ಚು ಶಕ್ತಿ. ಕಬ್ಬಿಣಾಂಶವನ್ನು ದೇಹಕ್ಕೆ ಸಿಗದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಲ್ಲಿ ಕಡಿಮೆಯಾಗುತ್ತೆ. ಜಾಸ್ತಿ ಹುರಿದರೆ ಕಿಣ್ವ ಸಾಯುತ್ತೆ, ಅದಕ್ಕೇ ಹದ ಮುಖ್ಯ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ರಾಗಿ ಒಂದೇ ಸಾಲದು. ಬೇಳೆ, ಸೊಪ್ಪು, ಒಂದು ಚಮಚ ತುಪ್ಪ ಅಥವಾ ಎಣ್ಣೆ, ಬಾಳೆಹಣ್ಣು, ಪಪ್ಪಾಯ, ಮೊಟ್ಟೆ, ಮೀನು, ತಿನ್ನುವ ಮನೆಯಾದರೆ ಮೆತ್ತಗೆ ಬೇಯಿಸಿದ ಮಾಂಸ, ಎಲ್ಲವೂ ಆರು ತಿಂಗಳ ನಂತರ ಒಂದೊಂದಾಗಿ ಬರಲಿ. ಒಂದು ವರ್ಷದೊಳಗೆ ಸಕ್ಕರೆ, ಉಪ್ಪು ಬೇಕಿಲ್ಲ. ಇಡೀ ಕಡಲೆಕಾಯಿ, ದ್ರಾಕ್ಷಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಇದರ ಜೊತೆಗೆ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ ಒಂದು ಮಿ.ಲೀ. ಕಬ್ಬಿಣ-ಫೋಲಿಕ್ ಆಮ್ಲದ ಸಿರಪ್ ಸರ್ಕಾರವೇ ಉಚಿತವಾಗಿ ಕೊಡುತ್ತೆ. ಆಶಾ ಅಥವಾ ಅಂಗನವಾಡಿಯಲ್ಲಿ ಕೇಳಿ ಪಡೆಯಿರಿ.

2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಒಂದು ವರದಿ ಹೊರತಂದಿದ್ದು ನೆನಪಿರಬಹುದು. ನೆಸ್ಲೆಯ ಸೆರೆಲ್ಯಾಕ್‌ನಲ್ಲಿ, ಭಾರತದಲ್ಲಿ ಮಾರುವ ಮಾದರಿಗಳಲ್ಲಿ, ಒಂದು ಹೊತ್ತಿನ ಪ್ರಮಾಣಕ್ಕೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆ ಇದೆ, ಅದೇ ಕಂಪನಿ ಯುರೋಪಿನಲ್ಲಿ ಸಕ್ಕರೆ ಇಲ್ಲದೆ ಮಾರುತ್ತೆ ಅಂತ ಆ ವರದಿ ಹೇಳಿತು. ಕಂಪನಿ ತಾನು ಸಕ್ಕರೆಯನ್ನು ಹಂತಹಂತವಾಗಿ ಇಳಿಸಿದ್ದೇನೆ ಅಂದಿತು, ಆಮೇಲೆ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನೂ ತಂದಿತು. ಪ್ರಶ್ನೆ ಎದ್ದ ಮೇಲೆ ಉತ್ಪನ್ನ ಬದಲಾಯಿತು ಅನ್ನೋದನ್ನು ಗಮನಿಸಿ.

ಈಗ ಲೆಕ್ಕ: ಆರು ತಿಂಗಳು ಯಾರಿಗೆ ಸಿಗುತ್ತೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21) ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ಆದರೆ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇ. 41.8 ಮಾತ್ರ. ಆರು ತಿಂಗಳೊಳಗಿನವರಲ್ಲಿ ಎದೆಹಾಲನ್ನು ಮಾತ್ರ ಕುಡಿಯುವವರು ಶೇ. 63.7. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುವವರು ಶೇ. 11.3. ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ. 67.1. ಇಷ್ಟು ದೊಡ್ಡ ಸಂಖ್ಯೆಯನ್ನು ‘ತಾಯಂದಿರಿಗೆ ತಿಳಿವಳಿಕೆ ಇಲ್ಲ’ ಅಂತ ತಳ್ಳಿಹಾಕೋಕಾಗಲ್ಲ.

2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 26 ವಾರ ಅಂದ್ರೆ ಆರು ತಿಂಗಳು, ಎದೆಹಾಲಿನ ಅವಧಿಗೆ ಸರಿಯಾಯ್ತಲ್ಲ ಅನಿಸುತ್ತೆ. ಆದರೆ ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ನನ್ನ ಹೆಂಡತಿ ಕಾಲು ಊದಿ ಮೂರು ವಾರ ಮೊದಲೇ ರಜೆ ಹಾಕಿದಳು. ಕೆಲಸಕ್ಕೆ ವಾಪಸ್ ಹೋದಾಗ ಮಗುವಿಗೆ 23 ವಾರ. 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು. ಅವಳ ಕಚೇರಿಯಲ್ಲಿ ಇರೋದು ಮೂವತ್ತು ಜನ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಕೊಡಬೇಕು ಅಂತ 1961ರ ಕಾನೂನಿನಲ್ಲೇ ಇತ್ತು. ಅವಳು ಕೇಳಿದಾಗ ಎಚ್‌ಆರ್‌ಗೆ ಅದು ಗೊತ್ತಿರಲಿಲ್ಲ. ಸೆಕ್ಷನ್ 11 ಪ್ರಿಂಟ್ ತೆಗೆದುಕೊಂಡು ಹೋದ ಮೇಲೆ ಸ್ಟೋರ್ ರೂಮಿನ ಬೀಗದ ಕೈ ಸಿಕ್ಕಿತು. ಅಲ್ಲಿ ಹಾಲು ಹಿಂಡಿ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತರುತ್ತಾಳೆ. ಹಿಂಡಿದ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತೆ. ಸೆಖೆಯ ಊರಿನಲ್ಲಿ ಹೊರಗಿಡದೆ ಫ್ರಿಜ್ಜಿಗೇ ಹಾಕಿ.

ಇದೆಲ್ಲ ಸಂಬಳದ ಕೆಲಸ ಇರುವ ನಮ್ಮ ಮನೆಯ ಕತೆ. ಬೆಂಗಳೂರಿನಲ್ಲಿ ನಮ್ಮ ಮನೆಗೆ ಅಡುಗೆ ಕೆಲಸಕ್ಕೆ ಬರುವ ಅಕ್ಕ ಒಂದು ದಿನ ಮಗಳನ್ನು ಎತ್ತಿಕೊಂಡು ಹೇಳಿದರು: ‘ನನ್ನ ಎರಡನೆಯವನಿಗೆ ಹಾಲು ಕುಡಿಸೋಕಾಗಲಿಲ್ಲ ಅಣ್ಣ, ಎರಡು ತಿಂಗಳಿಗೇ ಬತ್ತೋಯ್ತು.’ ಹೆರಿಗೆಯಾದ ಎಷ್ಟು ದಿನಕ್ಕೆ ಕೆಲಸಕ್ಕೆ ಹೋದ್ರಿ ಅಂತ ಕೇಳಿದೆ. ನಲವತ್ತೈದನೇ ದಿನಕ್ಕೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ನಾಲ್ಕು ಮನೆ. ಆ ಎಂಟು ಗಂಟೆ ಮಗುವನ್ನು ನೋಡಿಕೊಂಡಿದ್ದು ಒಂಬತ್ತು ವರ್ಷದ ಅಕ್ಕ.

ಮೇಲೆ ಹೇಳಿದ ಲೂಪ್ ನೆನಪಿದೆಯಲ್ಲ? ದಿನಕ್ಕೆ ಎಂಟು ಗಂಟೆ ಹಾಲು ಹೊರಹೋಗದಿದ್ದರೆ ಯಾವ ತಾಯಿಗಾದರೂ ಹಾಲು ಕಡಿಮೆಯಾಗುತ್ತೆ. ಆಕೆ ಅದನ್ನು ತನ್ನ ದೇಹದ ಕೊರತೆ ಅಂತ ಇಷ್ಟು ವರ್ಷ ನಂಬಿಕೊಂಡಿದ್ದಾರೆ. ಆಕೆಗೆ ಇಲ್ಲದ್ದು ರಜೆ. ಆ ನಾಲ್ಕು ಮನೆಗಳಲ್ಲಿ ಯಾರೂ ಕೊಡಲಿಲ್ಲ, ಕಾನೂನೂ ಕೊಡಿಸಲಿಲ್ಲ.

ಅಸಂಘಟಿತ ವಲಯದ ತಾಯಂದಿರಿಗೆ ಇರುವುದು ಮಾತೃ ವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ಕೊಡಬೇಕು ಅಂತ ಹೇಳಿದ್ದರೂ ಮೊದಲ ಮಗುವಿಗೆ ಈ ಯೋಜನೆಯಲ್ಲಿ ಐದೇ ಸಾವಿರ. 26 ವಾರಕ್ಕೆ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ಇತ್ತು. ಅಂದ್ರೆ ಆ ಐದು ಸಾವಿರ ಹದಿನಾಲ್ಕು ದಿನದ ಕೂಲಿ. ಪಕ್ಕದ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ನಗದು ಮತ್ತು ಪೌಷ್ಟಿಕ ಕಿಟ್ ಸೇರಿ 18,000 ರೂಪಾಯಿಯ ನೆರವು ಕೊಡುತ್ತೆ. ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ಇದೆ. 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಯಿತು. ಒಳ್ಳೆಯ ಹೆಜ್ಜೆಗಳು. ಆದರೆ ನಗರದ ಮನೆಗೆಲಸದ ತಾಯಿ ಕೂಸಿನ ಮನೆಗೆ ಹೋಗೋಕೆ ಪಂಚಾಯಿತಿ ಎಲ್ಲಿದೆ?

ಅಪ್ಪಂದಿರು ಏನು ಮಾಡಬಹುದು?

ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ವಲಯದಲ್ಲಿ ಕಾನೂನಿನ ಕಡ್ಡಾಯ ಇಲ್ಲ. ನನಗೆ ಸಿಕ್ಕಿದ್ದು ಐದು ದಿನ. ಹಾಲು ಕುಡಿಸೋದೊಂದು ಬಿಟ್ಟು ಉಳಿದದ್ದೆಲ್ಲ ನಾವು ಮಾಡಬಹುದು: ತೇಗಿಸೋದು, ಬಟ್ಟೆ ಬದಲಿಸೋದು, ಸ್ನಾನ, ತಾಯಿ ಕಾರ್ಡ್ ನೋಡಿಕೊಂಡು ಲಸಿಕೆಗೆ ಕರೆದುಕೊಂಡು ಹೋಗೋದು, ಮಗುವನ್ನು ಅಂಗಾತ ಮಲಗಿಸೋದು, ಬಾಣಂತಿ ಹೊಟ್ಟೆ ತುಂಬ ಊಟ ಮಾಡಿ ಬೇಕಾದಷ್ಟು ನೀರು ಕುಡಿಯುವಂತೆ ನೋಡಿಕೊಳ್ಳೋದು. ‘ಬಾಣಂತಿ ಜಾಸ್ತಿ ನೀರು ಕುಡಿಯಬಾರದು’ ಅಂತ ಹಿರಿಯರು ಹೇಳಿದಾಗ ಅವಳ ಪರ ಮಾತಾಡೋದು ನಮ್ಮ ಕೆಲಸ. ಮತ್ತೆ, ರಾತ್ರಿ ಎರಡು ಗಂಟೆಗೆ ಅಂಗಡಿಗೆ ಓಡುವ ಮೊದಲು ಒದ್ದೆ ಬಟ್ಟೆ ಎಣಿಸೋದು.

ಹೊರಗೆ ಮಾಡಬೇಕಾದ್ದೂ ಇದೆ. ನಿಮ್ಮ ಕಚೇರಿಯಲ್ಲಿ ಹಾಲೂಡಿಸುವ ವಿರಾಮ, ಒಂದು ಸ್ವಚ್ಛ ಕೋಣೆ ಇದೆಯಾ ಅಂತ ಮಗು ಇಲ್ಲದವರೂ ಕೇಳಿ. ಮನೆಗೆಲಸದವರು ಗರ್ಭಿಣಿಯಾದರೆ ಸಂಬಳ ಸಹಿತ ರಜೆ ಕೊಡಿ. ಅದಕ್ಕೆ ಯಾವ ಕಾನೂನೂ ಬರೋವರೆಗೆ ಕಾಯಬೇಕಿಲ್ಲ. ನಗರದ ವಾರ್ಡುಗಳಿಗೂ ಕೂಸಿನ ಮನೆ ಬೇಕು ಅಂತ ಮತ ಕೇಳಲು ಬಂದವರ ಮುಂದೆ ಇಡಿ.

ನಮ್ಮ ಅಡುಗೆಯ ಅಕ್ಕನ ಸೊಸೆಗೆ ಈಗ ಏಳು ತಿಂಗಳು. ಅಕ್ಕ ಹೋದ ವಾರ ಕೇಳಿದರು, ‘ಅಣ್ಣ, ಅವಳಿಗೆ ಎಷ್ಟು ದಿನ ರಜ ಸಿಗುತ್ತೆ?’ ಅವಳು ಕೆಲಸ ಮಾಡೋದು ಇಬ್ಬರೇ ಇರುವ ಒಂದು ಅಂಗಡಿಯಲ್ಲಿ. ಹೆರಿಗೆ ರಜೆಯ ಕಾನೂನು ಅನ್ವಯಿಸೋದು ಹತ್ತು ಜನರಿರುವ ಅಂಗಡಿಗೆ. ಮಾತೃ ವಂದನಾ ಅರ್ಜಿ ತುಂಬಿಸಿ, ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೇವೆ. ಅಂಗಡಿ ಮಾಲೀಕರ ಹತ್ತಿರ ಭಾನುವಾರ ಮಾತಾಡೋಕೆ ಹೋಗ್ತಿದ್ದೀವಿ, ನಾನು ಮತ್ತು ನನ್ನ ಹೆಂಡತಿ ಇಬ್ಬರೂ.